ಕೆಲಗೇರಿಯಲ್ಲಿ ಗುರುತು ತಪ್ಪಿದ ಬಕ: ಹೊಸಬರು ತಪ್ಪು ಹೇಳಿದಾಗ ಹಳಬರು ಏನು ಮಾಡಬೇಕು?

ಸಾಧನಕೇರಿಯ ಹೊಸಬ ಕೇಳಿದ್ದು:

ನಾನು ಧಾರವಾಡದಲ್ಲಿ ಬ್ಯಾಂಕ್ ನೌಕರ. ಸಕ್ಕರೆ ಕಾಯಿಲೆಗೆಂದು ವೈದ್ಯರು ಹೇಳಿದ ಬೆಳಗಿನ ನಡಿಗೆಯನ್ನು ಕಳೆದ ಮಳೆಗಾಲ ಮುಗಿದ ಮೇಲೆ ಕೆಲಗೇರಿ ಕೆರೆಯ ದಂಡೆಯಲ್ಲಿ ಆರಂಭಿಸಿದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ನಡಿಗೆ ಹಿಂದೆ ಬಿದ್ದು, ನಿಂತು ನೋಡುವುದೇ ಮುಖ್ಯವಾಯಿತು. ಸಹೋದ್ಯೋಗಿಯೊಬ್ಬರಿಂದ ಹಳೆಯ ದುರ್ಬೀನು ಕೊಂಡೆ, ಒಂದು ಕೈಪಿಡಿ ತರಿಸಿದೆ, ಸಣ್ಣ ನೋಟ್‌ಬುಕ್ಕಿನಲ್ಲಿ ದಿನವೂ ಬರೆಯತೊಡಗಿದೆ. ಈಗ ಅದರಲ್ಲಿ 63 ಹಕ್ಕಿಗಳ ಹೆಸರುಗಳಿವೆ. ಐದಾರು ಹೆಸರುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆಯೂ ಇದೆ.

ಎರಡು ತಿಂಗಳ ಹಿಂದೆ ಒಂದು ಭಾನುವಾರ, ಹತ್ತು ಹನ್ನೆರಡು ಜನರ ತಂಡವೊಂದು ಅದೇ ಕೆರೆಗೆ ಬರುತ್ತದೆಂದು ತಿಳಿದು ನಾನೂ ಸೇರಿಕೊಂಡೆ. ನೀರಿನತ್ತ ಬಾಗಿದ ಜಾಲಿಯ ಗಿಡದಲ್ಲಿ, ಕೊಂಬೆಗಳ ನಡುವೆ, ಕಂದು ಮೈಯ ಒಂದು ಹಕ್ಕಿ ಕತ್ತನ್ನು ಒಳಗೆಳೆದುಕೊಂಡು ಕುಳಿತಿತ್ತು. ಎದೆಯ ಮೇಲೆ ಉದ್ದುದ್ದ ಗೀರುಗಳು, ರೆಕ್ಕೆಯ ಮೇಲೆ ಮಾಸಲು ಬಿಳಿಯ ಚುಕ್ಕೆಗಳು. ಹಿಂದಿನ ರಾತ್ರಿಯಷ್ಟೇ ಕೈಪಿಡಿಯಲ್ಲಿ ಬಿಟರ್ನ್ ಎಂಬ ಬಕದ ಜಾತಿಯ ಹಕ್ಕಿಯ ಚಿತ್ರವನ್ನು ನೋಡಿದ್ದೆನಾದ್ದರಿಂದ, ಉತ್ಸಾಹದಲ್ಲಿ ಗಟ್ಟಿಯಾಗಿಯೇ 'ಬಿಟರ್ನ್' ಎಂದೆ. ತಂಡದ ಹಿರಿಯರೊಬ್ಬರು ದುರ್ಬೀನು ಎತ್ತಿ ಒಂದು ಕ್ಷಣ ನೋಡಿ, "ಬಿಟರ್ನ್ ಅಂತ! ಇಷ್ಟೂ ಗೊತ್ತಿಲ್ಲದ ಮ್ಯಾಲ ಕೊಳ್ಳಾಗ ದುರ್ಬೀನು ಯಾಕ್ರೀ?" ಎಂದರು. ನಾಲ್ಕೈದು ಜನ ನಕ್ಕರು. ಅಷ್ಟರಲ್ಲಿ ಯಾರೋ ಆಚೆ ದಂಡೆಯಲ್ಲಿ ಏನನ್ನೋ ಕಂಡರು, ಎಲ್ಲರೂ ಅತ್ತ ನಡೆದರು. ಆ ಹಕ್ಕಿ ಯಾವುದೆಂದು ಒಬ್ಬರೂ ಹೇಳಲಿಲ್ಲ. ಅದು ಇರುಳು ಬಕದ ಮರಿಪ್ರಾಯದ ಹಕ್ಕಿ ಎಂಬುದು ರಾತ್ರಿ ಹತ್ತು ಗಂಟೆಗೆ ನನಗೆ ನಾನೇ ಕಂಡುಕೊಂಡ ಸಂಗತಿ.

ನಾನು ತಪ್ಪು ಹೇಳಿದ್ದು ನಿಜ, ಅದರಲ್ಲಿ ನನಗೆ ವಾದವಿಲ್ಲ. ಆದರೆ ಅಂದಿನಿಂದ ನಾನು ಒಬ್ಬನೇ ಹೋಗುತ್ತೇನೆ, ಯಾರಾದರೂ ಎದುರಾದರೆ ದುರ್ಬೀನನ್ನು ಚೀಲದೊಳಗೆ ಇಡುತ್ತೇನೆ, ಖಚಿತವಾಗಿ ಗೊತ್ತಿರುವ ಹಕ್ಕಿಯ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಹವ್ಯಾಸದಲ್ಲಿ ಹೊಸಬ ಎಂಬ ಮೆಟ್ಟಿಲು ಎಲ್ಲಿಗೆ ಮುಗಿಯುತ್ತದೆ? ನೂರು ಹಕ್ಕಿ ನೋಡಿದರೆ ಆಯಿತೇ, ಹತ್ತು ವರ್ಷ ಕಳೆಯಬೇಕೇ? ತಿದ್ದುವವರು ಹೇಗೆ ತಿದ್ದಬೇಕು, ತಿದ್ದಿಸಿಕೊಳ್ಳುವವರು ಹೇಗೆ ಕೇಳಬೇಕು ಎಂಬುದರ ಬಗ್ಗೆ ನಮ್ಮ ಭಾಗದ ಹಕ್ಕಿ ನೋಡುವವರ ಅನುಭವ ತಿಳಿಯುವ ಆಸೆ ನನಗಿದೆ.

ಉಣಕಲ್ ದಂಡೆ ಉತ್ತರಿಸಿದ್ದು:

ನಿಮ್ಮನ್ನು ನಕ್ಕವರು ಮಾಡಿದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ನಕ್ಕ ಮೇಲೂ ಹಕ್ಕಿಯ ಹೆಸರನ್ನು ಹೇಳದೆ ಹೋದದ್ದು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದು ಹಳಬರ ಪರವಾಗಿದೆ.

ಹುಬ್ಬಳ್ಳಿಯ ಸುತ್ತ ಹದಿನೈದು ವರ್ಷಗಳಿಂದ ಹಕ್ಕಿ ನೋಡುತ್ತಿದ್ದೇನೆ, ವಾಟ್ಸಾಪ್ ಗುಂಪುಗಳಲ್ಲಿ ಪ್ರತಿದಿನ ಮೂರು ನಾಲ್ಕು ಚಿತ್ರಗಳಿಗೆ ಹೆಸರು ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಒಂದು ಚಿತ್ರ ಬರುತ್ತದೆ. ಆಕಾಶದೆದುರು ಕರಿಯ ಮುದ್ದೆ, ಕೆಳಗೆ 'ಐಡಿ ಪ್ಲೀಸ್' ಎಂಬ ಎರಡೇ ಪದ. ಎಲ್ಲಿ ಕಂಡದ್ದು, ಯಾವಾಗ, ಎಷ್ಟು ದೊಡ್ಡದು, ನೆಲದ ಮೇಲಿತ್ತೋ ಮರದ ತುದಿಯಲ್ಲಿತ್ತೋ ಎಂಬುದೊಂದೂ ಇರುವುದಿಲ್ಲ. ನಾವು ಕೇಳಿದರೆ 'ಆ್ಯಪ್ ಶಿಕ್ರಾ ಎಂದಿದೆ, ನೀವು ಹೌದು ಎನ್ನಿ ಸಾಕು' ಎಂಬ ಧಾಟಿಯ ಉತ್ತರ. ಅದು ಶಿಕ್ರಾ ಎಂಬ ಸಣ್ಣ ಬೇಟೆಹಕ್ಕಿಯಲ್ಲ, ಅದನ್ನು ಹೋಲುವ ಚಾಣ ಕೋಗಿಲೆ ಎಂದು ನಾವು ವಿವರಿಸಿದರೆ, ಬಾಲದ ಪಟ್ಟೆ ನೋಡಿ, ಕೊಕ್ಕು ಬಾಗಿಲ್ಲ ನೋಡಿ ಎಂದು ಹತ್ತು ಸಾಲು ಬರೆದರೆ, ಧನ್ಯವಾದವೂ ಇಲ್ಲದೆ ಚಿತ್ರವನ್ನೇ ಅಳಿಸಿಬಿಡುತ್ತಾರೆ. ಹೀಗೆ ನೂರು ಸಲ ಆದ ಮೇಲೆ ನೂರೊಂದನೆಯವರಿಗೆ ಸಿಡುಕು ತಾಗುತ್ತದೆ. ಅದು ಆ ನೂರೊಂದನೆಯವರ ತಪ್ಪಲ್ಲ ಎಂಬುದು ನನಗೂ ಗೊತ್ತು.

ಧ್ವನಿ ಕೇಳಿ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್‌ಗಳು ನನ್ನ ಫೋನಿನಲ್ಲೂ ಇವೆ, ಅವುಗಳಿಂದ ನಾನೂ ಕಲಿತಿದ್ದೇನೆ. ಆದರೆ ನಮ್ಮ ಕಾಜಾಣ ಶಿಕ್ರಾದ ಕೂಗನ್ನು ಅನುಕರಿಸಬಲ್ಲದು, ಎಲೆಹಕ್ಕಿಯಂತೂ ಒಂದೇ ಉಸಿರಿನಲ್ಲಿ ನಾಲ್ಕು ಹಕ್ಕಿಗಳ ದನಿ ತೆಗೆಯುತ್ತದೆ. ಫೋನು ಹೇಳಿದ್ದನ್ನು ಕೇಳಿ ತಲೆ ಎತ್ತಿ ಮರ ನೋಡುವವರು ಬೇಗ ಕಲಿಯುತ್ತಾರೆ. ಫೋನನ್ನೇ ನೋಡುವವರು ಐದು ವರ್ಷದ ನಂತರವೂ ಅಲ್ಲೇ ಇರುತ್ತಾರೆ. ಹೊಸಬರು, ಹಳಬರು ಎಂದು ನಾನು ಗೆರೆ ಎಳೆಯುವುದಾದರೆ ಇಲ್ಲಿ ಎಳೆಯುತ್ತೇನೆ, ವರ್ಷಗಳ ಲೆಕ್ಕದಲ್ಲಿ ಅಲ್ಲ.

ಇನ್ನೊಂದು ದೂರನ್ನು ಹೊಸಬರಿಂದ ಪದೇ ಪದೇ ಕೇಳುತ್ತೇನೆ: ಹಳಬರು ಜಾಗ ಬಿಟ್ಟುಕೊಡುವುದಿಲ್ಲ, ಗುಟ್ಟು ಮಾಡುತ್ತಾರೆ ಎಂದು. ಗೂಡಿನ ಜಾಗವನ್ನು, ಗೂಬೆ ಹಗಲು ಕೂರುವ ಮರವನ್ನು ನಾನು ಹೇಳುವುದಿಲ್ಲ, ಹೇಳಬಾರದು. ಒಮ್ಮೆ ಹೇಳಿ ಕೆಟ್ಟಿದ್ದೇನೆ. ನೃಪತುಂಗ ಬೆಟ್ಟದ ಆಸುಪಾಸಿನ ಒಂದು ಗೂಡನ್ನು ನಂಬಿಕೆಯಿಂದ ಒಬ್ಬರಿಗೆ ತೋರಿಸಿದೆ. ಮರುವಾರ ಅಲ್ಲಿ ಆರು ಕ್ಯಾಮೆರಾಗಳಿದ್ದವು, ಚಿತ್ರಕ್ಕೆ ಅಡ್ಡ ಬರುತ್ತದೆಂದು ಗೂಡಿಗೆ ಮರೆಯಾಗಿದ್ದ ಟೊಂಗೆಯನ್ನು ಯಾರೋ ಕತ್ತರಿಸಿದ್ದರು. ಅದನ್ನು ಮಾಡಿದವರು ಹೊಸಬರೇನಲ್ಲ, ಬಲು ಅನುಭವಿಗಳು. ಆದರೂ ಅಂದಿನಿಂದ ನನ್ನ ಬಾಯಿ ಎಲ್ಲರಿಗೂ ಮುಚ್ಚಿದೆ, ಹೊಸಬರಿಗೆ ಅದು ಜಂಬದಂತೆ ಕಾಣುತ್ತದೆ.

ನಿಮಗೆ ನನ್ನ ಸಲಹೆ ಇಷ್ಟೆ: ಹೆಸರು ಕೇಳುವ ಮೊದಲು ಕಂಡದ್ದನ್ನು ಹೇಳಿ. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಸಣ್ಣದು ಎನ್ನಿ. ನೀರಿನಂಚಿನಲ್ಲಿ ಬಾಲ ಕುಣಿಸುತ್ತಿತ್ತು ಎನ್ನಿ. ಹಾಗೆ ಕೇಳಿದವರಿಗೆ ಉತ್ತರ ಕೊಡದ ಹಳಬರನ್ನು ನಾನು ಕಂಡಿಲ್ಲ. ನಿಮ್ಮ ಬಕದ ವಿಷಯದಲ್ಲೂ 'ಬಿಟರ್ನ್' ಎನ್ನುವ ಬದಲು 'ಎದೆಯಲ್ಲಿ ಗೀರು, ರೆಕ್ಕೆಯಲ್ಲಿ ಚುಕ್ಕೆ' ಎಂದಿದ್ದರೆ ನಗುವುದಕ್ಕೆ ಯಾರಿಗೂ ಅವಕಾಶ ಸಿಗುತ್ತಿರಲಿಲ್ಲ.

ಮುಳಗುಂದ ನಾಕಾ ಉತ್ತರಿಸಿದ್ದು:

ಮೇಲಿನವರ ಬಹುಪಾಲು ಮಾತನ್ನು ಒಪ್ಪುತ್ತೇನೆ, ಕೊನೆಯ ವಾಕ್ಯವನ್ನು ಒಪ್ಪುವುದಿಲ್ಲ. ಹೊಸಬನೊಬ್ಬ ಕೊರಳೆತ್ತಿ ಒಂದು ಹೆಸರನ್ನು ಹೇಳುವುದು ಕಲಿಕೆಯ ಅತ್ಯಗತ್ಯ ಭಾಗ. ತಪ್ಪು ಹೆಸರಾದರೂ ಸರಿ, ಅದನ್ನು ಹೇಳಿದ ಮೇಲೆ ತಿದ್ದಿಸಿಕೊಂಡ ಹಕ್ಕಿ ಜನ್ಮದಲ್ಲಿ ಮರೆಯುವುದಿಲ್ಲ. ಇರುಳು ಬಕದ ಮರಿಯನ್ನು ಬಿಟರ್ನ್ ಎನ್ನುವುದು ಈ ಹವ್ಯಾಸದ ಅತಿ ಹಳೆಯ ತಪ್ಪುಗಳಲ್ಲೊಂದು, ಅದರಲ್ಲಿ ಅವಮಾನಕ್ಕೆ ಆಸ್ಪದವೇ ಇಲ್ಲ. ಬೆಳೆದ ಇರುಳು ಬಕಕ್ಕೆ ಕಪ್ಪು ನೆತ್ತಿ, ಕಪ್ಪು ಬೆನ್ನು, ಬೂದು ರೆಕ್ಕೆ, ಕೆಂಪು ಕಣ್ಣು. ಮರಿಗೆ ಇವೊಂದೂ ಇಲ್ಲ, ಆ ಬಣ್ಣ ಬರಲು ಎರಡು ಮೂರು ವರ್ಷ ಬೇಕು. ಎರಡನ್ನೂ ಒಂದೇ ಹಕ್ಕಿ ಎಂದು ಊಹಿಸುವುದಾದರೂ ಹೇಗೆ? ಅಂದು ಆ ಹಿರಿಯರು ಹೇಳಬೇಕಾಗಿದ್ದ ಮಾತು ಒಂದೇ: ಹಕ್ಕಿ ಕುಳಿತ ಜಾಗವನ್ನು ನೋಡಿ. ಬಿಟರ್ನ್ ಜೊಂಡಿನೊಳಗೆ ಅಡಗುವ ಹಕ್ಕಿ, ನಮ್ಮ ಕಡೆ ಕಾಣುವುದೇ ಅಪರೂಪ; ಹಗಲು ಹೊತ್ತಿನಲ್ಲಿ ಜಾಲಿಯ ಕೊಂಬೆಯ ಮೇಲೆ ತೂಕಡಿಸುವುದು ಇರುಳು ಬಕದ ಸ್ವಭಾವ. ಅರ್ಧ ನಿಮಿಷದ ಮಾತು ಅದು.

ಪಕ್ಷಿತಜ್ಞ ಸಾಲಿಂ ಅಲಿಯವರ ಬಾಲ್ಯದ ಒಂದು ಪ್ರಸಂಗ ಹಕ್ಕಿ ನೋಡುವವರಲ್ಲಿ ಬಹಳ ಜನರಿಗೆ ಗೊತ್ತು. 1896ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಅದು ಮಾಮೂಲಿ ಗುಬ್ಬಿಯಲ್ಲವೆಂದು ಅನುಮಾನಿಸಿ, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಅಳುಕುತ್ತಲೇ ಹೋದರು. ಅಲ್ಲಿನ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅದು ಹಳದಿ ಕೊರಳಿನ ಗುಬ್ಬಿ ಎಂದು ಹೇಳಿದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಆ ಮೇಲಿನದು: ಹೆಸರು ಹೇಳಿ ಕಳುಹಿಸದೆ, ಸೊಸೈಟಿಯ ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ಆ ಹುಡುಗನಿಗೆ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಒಂದು ಹಕ್ಕಿಯನ್ನು ಅದರ ನೆಂಟರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಹಾಗೆ ಬರುವಂಥದ್ದು. (ಆ ಹುಡುಗ ತಂದದ್ದು ಸತ್ತ ಹಕ್ಕಿ, ಇಂದಿನವರು ತರುವುದು ಮಸುಕಾದ ಚಿತ್ರ. ಉಣಕಲ್ಲಿನವರು ಇದನ್ನಾದರೂ ಸಮಾಧಾನವೆಂದು ತಿಳಿಯಲಿ.)

ನಾನು ಮೊದಲ ಮೂರು ವರ್ಷ ಪಟ್ಟಿ ಬೆಳೆಸುವ ಹುಚ್ಚಿನಲ್ಲಿದ್ದೆ. ಗದಗದಿಂದ ಲಕ್ಷ್ಮೇಶ್ವರದ ಕಡೆ ಹೋಗುವಾಗ ಎರೆಹೊಲಗಳ ಮೇಲೆ ಚಳಿಗಾಲದಲ್ಲಿ ತೇಲುವ ಸೆಳೆವ, ಅಂದರೆ ಹ್ಯಾರಿಯರ್ ಎಂಬ ಬೇಟೆಹಕ್ಕಿಯ ಹೆಣ್ಣೊಂದನ್ನು ಕಂಡು ಹಕ್ಕಿ ವೀಕ್ಷಕರ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ಮಾಂಟೇಗೂಸ್ ಹ್ಯಾರಿಯರ್ ಎಂದು ದಾಖಲಿಸಿದೆ. ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರಿಂದ ವಿನಯದ ಒಂದು ಪತ್ರ ಬಂತು: ಯಾವ ಲಕ್ಷಣದಿಂದ ಗುರುತಿಸಿದಿರಿ, ಚಿತ್ರವಿದೆಯೇ ಎಂದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಅನುಭವದ ವರ್ಷಗಳನ್ನೂ ಪಟ್ಟಿಯ ಸಂಖ್ಯೆಯನ್ನೂ ಉದ್ಧರಿಸಿ ಒಂದು ಪುಟದ ಉತ್ತರ ಬರೆದೆ. ಅದರಲ್ಲಿ ಹಕ್ಕಿಯ ವಿಷಯ ಮಾತ್ರ ಒಂದು ಸಾಲೂ ಇರಲಿಲ್ಲ. ಆರು ತಿಂಗಳ ಬಳಿಕ ಅದೇ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಕೆನ್ನೆಯ ಕಪ್ಪಿನ ಹಿಂದೆ, ಕೊರಳ ಸುತ್ತ, ತಿಳಿಬಣ್ಣದ ಪಟ್ಟಿ ಸ್ಪಷ್ಟವಾಗಿತ್ತು. ಅದು ಪ್ಯಾಲಿಡ್ ಹ್ಯಾರಿಯರ್. ದಾಖಲೆಯನ್ನು ತಿದ್ದಿದೆ, ಆ ಸ್ವಯಂಸೇವಕರಿಗೆ ಕ್ಷಮೆ ಕೇಳಿ ಬರೆದೆ.

ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಇ-ಬರ್ಡ್‌ನಲ್ಲಿ ದಾಖಲೆಯನ್ನು ಪ್ರಶ್ನಿಸಿದರೆ ಬಹಳ ಹೊಸಬರು ತಮ್ಮನ್ನೇ ಸುಳ್ಳುಗಾರರೆಂದು ಕರೆದಂತೆ ನೊಂದುಕೊಳ್ಳುತ್ತಾರೆ. ಆ ಜಾಗಕ್ಕೆ, ಆ ತಿಂಗಳಿಗೆ ಅಪರೂಪವಾದ ಹಕ್ಕಿಯಾಗಿದ್ದರೆ, ಅಥವಾ ಸಂಖ್ಯೆ ತೀರ ಹೆಚ್ಚಾಗಿದ್ದರೆ, ಬರೆದವರು ಯಾರೇ ಆಗಿದ್ದರೂ ವಿವರ ಕೇಳುತ್ತಾರೆ. ಒಪ್ಪಿಗೆಯಾಗದ ದಾಖಲೆ ನಿಮ್ಮ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ, ಸಾರ್ವಜನಿಕ ನಕ್ಷೆಯಲ್ಲಿ ಮಾತ್ರ ಬರುವುದಿಲ್ಲ. ಪ್ರಶ್ನೆ ಇರುವುದು ಹಕ್ಕಿಯ ಮೇಲೆ. ನಮ್ಮ ತಂಡಗಳಲ್ಲಿ ಹಳಬರು ಇದನ್ನು ಅಲ್ಲಿಂದ ಕಲಿಯಬಹುದು: 'ನಿನಗೆ ಗೊತ್ತಿಲ್ಲ' ಎನ್ನುವುದಕ್ಕೂ 'ನಿನಗೆ ಏನು ಕಂಡಿತು' ಎನ್ನುವುದಕ್ಕೂ ಬಹಳ ಅಂತರವಿದೆ.

ಹೊಸಬರ ದಾಖಲೆಗೆ ಬೆಲೆಯಿಲ್ಲ ಎಂಬ ಭಾವನೆ ಹಳಬರಲ್ಲಿ ಬೇರೂರಿದೆ, ಅದನ್ನೂ ಕೀಳಬೇಕು. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂದಿತಲ್ಲ, 942 ಪ್ರಭೇದಗಳನ್ನು ಪರಿಶೀಲಿಸಿದ ಆ ವರದಿಗೆ ಆಧಾರವಾದದ್ದು ಸುಮಾರು 30,000 ಹಕ್ಕಿ ವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ಮಾಹಿತಿಗಳು. ಆ ಮೂವತ್ತು ಸಾವಿರ ಜನರೆಲ್ಲ ಪಂಡಿತರಲ್ಲ. ಅದೇ ವರದಿ ನಮ್ಮ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ಕುಸಿಯುತ್ತಿದೆ ಎಂದಿತು. ನೀಲಕಂಠವನ್ನು ಗುರುತಿಸಲು ಪಾಂಡಿತ್ಯ ಬೇಕಿಲ್ಲ. ತಂತಿಯ ಮೇಲಿಂದ ಹಾರಿದಾಗ ರೆಕ್ಕೆಯ ನೀಲಿ ಕಂಡರೆ ಮಗುವೂ ಹೇಳುತ್ತದೆ. ಆದರೆ ನಾವು ಹಳಬರು ಮಾಡುವುದೇನು? ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ಹೆಬ್ಬಾತುಗಳಿಗಾಗಿ ಎಂಬತ್ತರ ವೇಗದಲ್ಲಿ ಹೋಗುತ್ತ, ದಾರಿಯ ತಂತಿಯ ಮೇಲಿನ ನೀಲಕಂಠಗಳನ್ನು ಎಣಿಸುವ ಗೊಡವೆಗೆ ಹೋಗುವುದಿಲ್ಲ. ಮೊದಲ ವರ್ಷದ ಹೊಸಬ ಪ್ರತಿಯೊಂದಕ್ಕೂ ಗಾಡಿ ನಿಲ್ಲಿಸಿ ಬರೆಯುತ್ತಾನೆ. ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಇಂದು ನನಗೆ ಉಪಯೋಗಕ್ಕೆ ಬರುತ್ತಿರುವುದು ಆ ಮೊದಲ ವರ್ಷದ ಪುಟಗಳೇ, ಏಕೆಂದರೆ ಆಗ ನಾನು ಕಾಗೆಗಳನ್ನೂ ಎಣಿಸುತ್ತಿದ್ದೆ.

ಹೆಗ್ಗೇರಿ ಟೀಚರ್ ಉತ್ತರಿಸಿದ್ದು:

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಫೆಬ್ರವರಿಯ ನಾಲ್ಕು ದಿನ ದೇಶದಾದ್ಯಂತ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ನಮ್ಮ ಮಕ್ಕಳನ್ನೂ ಸೇರಿಸುತ್ತೇನೆ. ಒಂದು ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ನಿಂತು ಕಂಡದ್ದನ್ನೆಲ್ಲ ಎಣಿಸಿದರೆ ಸಾಕಾದ್ದರಿಂದ ಶಾಲೆಯ ಸಮಯಕ್ಕೂ ಅದು ಹೊಂದುತ್ತದೆ. ನನ್ನ ದೂರು ಬೇರೆ ಬಗೆಯದು.

ಮೂರು ವರ್ಷಗಳ ಹಿಂದೆ ಮಕ್ಕಳಿಗೆ ಹಕ್ಕಿ ತೋರಿಸಲು ಒಬ್ಬ ಅನುಭವಿಗಳನ್ನು ಆಹ್ವಾನಿಸಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ಶಾಲೆಯ ಹಿಂದಿನ ಹೊಲದಲ್ಲಿ ಕೂತಿದ್ದ ಹಕ್ಕಿಯನ್ನು ತೋರಿಸಿ 'ಬೆಳವ' ಎಂದ. ಬಂದವರು "ಹಂಗಲ್ಲ, ಸರಿಯಾದ ಹೆಸರು ಹೇಳಬೇಕು" ಎಂದು ಇಂಗ್ಲಿಷಿನ ಹೆಸರೊಂದನ್ನು ಹೇಳಿ, ಅದನ್ನು ಮೂರು ಸಲ ಹೇಳಿಸಿದರು. ಹುಡುಗ ಹೇಳಿದ. ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು, "ಟೀಚರ್, ಬೆಳವದಾಗ ಒಂದರ ಕೊಳ್ಳಿಗೆ ಹಿಂದ ಕರೀ ದಾರ ಕಟ್ಟಿದಂಗ ಇರತದ, ಇನ್ನೊಂದರ ಕೊಳ್ಳಾಗ ಚೌಕಡಿ ಚೌಕಡಿ ಇರತದ. ಎರಡಕ್ಕೂ ಅದೇ ಹೆಸರೇನ್ರಿ?" ಎಂದು ಕೇಳಿದ. ಕತ್ತಿನ ಹಿಂದೆ ಅರ್ಧ ಬಳೆಯಂಥ ಕಪ್ಪು ಗೆರೆಯ ಬೆಳವ ಒಂದು ಜಾತಿ, ಕತ್ತಿನಲ್ಲಿ ಕಪ್ಪು ಬಿಳಿ ಚದುರಂಗದ ಮನೆಗಳಿರುವ ಚುಕ್ಕೆ ಬೆಳವ ಇನ್ನೊಂದು ಜಾತಿ ಎಂಬುದನ್ನು ಆ ಹುಡುಗ ಪುಸ್ತಕವಿಲ್ಲದೆ, ದುರ್ಬೀನಿಲ್ಲದೆ, ಎಮ್ಮೆ ಕಾಯುತ್ತ ಕಂಡುಕೊಂಡಿದ್ದ. ಅವನನ್ನು ಯಾವ ಮೆಟ್ಟಿಲಿನ ಮೇಲೆ ನಿಲ್ಲಿಸಬೇಕು? ಬಂದವರ ಲೆಕ್ಕದಲ್ಲಿ ಅವನು ಹೊಸಬ. ಎರಡು ಜಾತಿಗೆ ಒಂದೇ ಹೆಸರಿರುವುದು ಅವನ ದೋಷವಲ್ಲ. ಅವನಿಗೆ ಬೇಕಾಗಿದ್ದದ್ದು ಎರಡನೆಯ ಹೆಸರು ಮಾತ್ರ.

ನಮ್ಮ ಮಕ್ಕಳಿಗೆ ಬುರ್ಲಿ ಕಾಲ ಬುಡದಿಂದ ಬುರ್ರನೆ ಏಳುವುದು ಗೊತ್ತು, ಗೌಜಲ ಯಾವ ಬೇಲಿಯಲ್ಲಿ ಕೂಗುತ್ತದೆಂದು ಗೊತ್ತು, ಗೀಜಗ ಯಾವ ಬಾವಿಯ ಮೇಲಿನ ಜಾಲಿಗೆ ಗೂಡು ಕಟ್ಟುತ್ತದೆಂದು ಗೊತ್ತು, ಟಿಟ್ಟಿಭ ಕೂಗಿಕೊಂಡು ಮೇಲೆರಗಿದರೆ ಮೊಟ್ಟೆ ಹತ್ತಿರದಲ್ಲೇ ಇವೆ, ಕಾಲು ನೋಡಿ ಇಡಬೇಕು ಎಂಬುದು ಗೊತ್ತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಹೆಸರಾಗಿತ್ತು. ಎರೆಯ ಹೊಲದ ಈ ದೊಡ್ಡ ಹಕ್ಕಿಗೆ ಎರೆಭೂತ ಎಂದು ಹೆಸರಿಟ್ಟವರು ದುರ್ಬೀನು ಹಿಡಿದವರಲ್ಲ. ಈ ಬಗೆಯ ತಿಳಿವಳಿಕೆ ಇರುವವರು ಹಕ್ಕಿ ನೋಡುವ ತಂಡಕ್ಕೆ ಬಂದೊಡನೆ ಬಾಯಿಲ್ಲದವರಾಗುತ್ತಾರೆ, ಏಕೆಂದರೆ ಅಲ್ಲಿ ಮಾತೆಲ್ಲ ಇಂಗ್ಲಿಷ್ ಹೆಸರುಗಳಲ್ಲಿ, ಲೆನ್ಸುಗಳ ಅಳತೆಯಲ್ಲಿ ನಡೆಯುತ್ತದೆ. ಹೆಣ್ಣುಮಕ್ಕಳಾದ ನಮಗಂತೂ ಇನ್ನೊಂದು ತೊಡಕು: ನಾನು ಹೇಳಿದ ಹೆಸರನ್ನು ಪಕ್ಕದಲ್ಲಿರುವ ಯಾವನಾದರೂ ಗಂಡಸು ಮತ್ತೊಮ್ಮೆ ಹೇಳುವವರೆಗೆ ಯಾರೂ ಬರೆದುಕೊಳ್ಳುವುದಿಲ್ಲ. ಇದು ಎರಡು ಸಲ ಆಗಿದೆ. ಮೂರನೆಯ ಸಲ ನಾನು ಹೇಳಲಿಲ್ಲ, ನನ್ನ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಿದ್ದೆ. ಹೀಗಾಗಿ ಸಾಧನಕೇರಿಯವರು ದುರ್ಬೀನನ್ನು ಚೀಲದಲ್ಲಿ ಇಡುವುದೇಕೆಂದು ನನಗೆ ಬೇಗ ಅರ್ಥವಾಯಿತು.

ಉಣಕಲ್ಲಿನವರು ಹೇಳಿದ ಗೊರವಂಕದ ಅಳತೆಯನ್ನು ಮಾತ್ರ ನಾಳೆಯೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ, ಹದ್ದು ಎಂದರೆ ಎಲ್ಲ ಮಕ್ಕಳಿಗೂ ಕೈಗೆ ಸಿಗುವ ಅಳತೆಗೋಲು.

ಶಿರಹಟ್ಟಿ ಹೊಲ ಉತ್ತರಿಸಿದ್ದು:

ಮಾಗಡಿ ಕೆರೆಯ ಹತ್ತಿರ ನಮ್ಮ ಹೊಲವಿದೆ. ಪಟ್ಟೆತಲೆಯ ಹೆಬ್ಬಾತುಗಳು ನಮ್ಮಜ್ಜನ ಕಾಲದಿಂದ ಚಳಿಗಾಲಕ್ಕೆ ಬರುತ್ತಿವೆ. 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವ ಜನ ಹೆಚ್ಚಾಗಿದ್ದಾರೆ. ಬಂದವರಲ್ಲಿ ಯಾರು ಪಂಡಿತರು, ಯಾರು ಹೊಸಬರು ಎಂಬುದನ್ನು ದಂಡೆಯಿಂದ ಎಷ್ಟು ದೂರ ನಿಲ್ಲುತ್ತಾರೆ ಎಂಬುದರಿಂದ ನಾನು ಅಳೆಯುತ್ತೇನೆ. ದೊಡ್ಡ ಲೆನ್ಸಿನವರು ನೀರಿನವರೆಗೆ ನುಗ್ಗಿ, ಹಿಂಡು ಎದ್ದರೆ ಚಿತ್ರ ಚೆನ್ನಾಗಿ ಬಂತೆಂದು ಸಂತೋಷಪಡುತ್ತಾರೆ. ಎದ್ದ ಹಿಂಡು ಎಲ್ಲಿ ಇಳಿಯುತ್ತದೆ? ನಮ್ಮ ಶೇಂಗಾ, ಕಡಲೆಯ ಹೊಲದಲ್ಲಿ. ಹೋದ ವರ್ಷ ಶಾಲಾ ಮಕ್ಕಳನ್ನು ಕರೆತಂದ ಒಬ್ಬರು ಹೊಲದ ಬದುವಿನ ಮೇಲೆ ಎಲ್ಲರನ್ನೂ ಕೂರಿಸಿ, ಅರ್ಧ ತಾಸು ಸುಮ್ಮನಿರಿಸಿದರು. ಒಂದು ಹಕ್ಕಿಯೂ ಏಳಲಿಲ್ಲ. ಅವರಿಗೆ ಹೆಬ್ಬಾತೊಂದನ್ನು ಬಿಟ್ಟು ಮಿಕ್ಕ ಬಾತುಗಳ ಹೆಸರು ಗೊತ್ತಿರಲಿಲ್ಲ, ನನ್ನನ್ನೇ ಕೇಳಿದರು. ಸೂಜಿಬಾಲದ ಬಾತು, ಚಲುಕ ಬಾತು ಎರಡನ್ನು ಹೇಳಿದೆ, ಉಳಿದವು ನನಗೂ ಬರುವುದಿಲ್ಲ.

ಸಾಧನಕೇರಿಯ ಹೊಸಬ ಮತ್ತೆ ಬರೆದದ್ದು:

ಎಲ್ಲರಿಗೂ ಕೃತಜ್ಞ. ಮುಳಗುಂದ ನಾಕಾದವರ ಮಾತು ಓದಿ, ಬೆಳಿಗ್ಗೆ ಅದೇ ಜಾಲಿಯ ಗಿಡದ ಎದುರು ಹೋಗಿ ನಿಂತೆ. ಈ ಸಲ ಕಂದು ಬಣ್ಣದವು ಎರಡು, ಅವುಗಳ ಮೇಲಿನ ಕೊಂಬೆಯಲ್ಲಿ ಕಪ್ಪು ನೆತ್ತಿಯ, ಕೆಂಪು ಕಣ್ಣಿನ ಬೆಳೆದ ಬಕ ಒಂದು, ಎಲ್ಲವೂ ಒಂದೇ ಭಂಗಿಯಲ್ಲಿ ಕತ್ತು ಹುದುಗಿಸಿ ಕುಳಿತಿದ್ದವು. ಅಕ್ಕಪಕ್ಕದಲ್ಲಿ ಕಂಡಾಗ ಕೊಕ್ಕಿನ ಆಕಾರವೂ ಕುಳಿತ ಬಗೆಯೂ ಒಂದೇ ಎಂಬುದು ತಾನಾಗಿ ಹೊಳೆಯಿತು. ನೋಟ್‌ಬುಕ್ಕಿನಲ್ಲಿ 'ಬಿಟರ್ನ್' ಎಂಬುದನ್ನು ಹೊಡೆದುಹಾಕಿ ಹರಿದುಬಿಡಬೇಕೆಂದಿದ್ದ ಪುಟವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಉಣಕಲ್ ದಂಡೆಯವರ ಕ್ರಮದಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಜಾಗ ಕೆಲಗೇರಿ, ಬೆಳಿಗ್ಗೆ ಏಳೂಕಾಲು ಗಂಟೆ. ನೀರಿನಂಚಿನ ಕೆಸರಿನಲ್ಲಿ ಒಂಟಿ ಹಕ್ಕಿ, ಗೊರವಂಕಕ್ಕಿಂತ ತುಸು ಸಣ್ಣದು, ಬೆನ್ನು ಕಂದು, ಹೊಟ್ಟೆ ಬಿಳಿ, ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತ ನಡೆಯುತ್ತಿತ್ತು. ಗದ್ದೆಗೊರವ ಇರಬಹುದೆಂದು ನನ್ನ ಊಹೆ. ಯಾವ ಗದ್ದೆಗೊರವ ಎಂಬುದು ತಿಳಿಯಲಿಲ್ಲ. ಚಿತ್ರ ತೆಗೆಯಲು ಸಾಧ್ಯವಾಗಲಿಲ್ಲ.

ಉಣಕಲ್ ದಂಡೆ ಉತ್ತರಿಸಿದ್ದು:

ಗದ್ದೆಗೊರವ ಎಂಬುದು ಸರಿ. ಸಾಮಾನ್ಯ ಗದ್ದೆಗೊರವ, ಹಸಿರು ಗದ್ದೆಗೊರವ ಎರಡೂ ಬಾಲ ಕುಣಿಸುತ್ತವೆ, ಎರಡೂ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುತ್ತವೆ. ಎರಡು ವಿಷಯ ಹೇಳಿ. ಎದೆಯ ಕಂದು ಬಣ್ಣಕ್ಕೂ ಮಡಚಿದ ರೆಕ್ಕೆಗೂ ನಡುವೆ ಬಿಳಿ ಬಣ್ಣ ಭುಜದತ್ತ ಮೇಲಕ್ಕೆ ನುಗ್ಗಿದಂತೆ ಕಂಡಿತೇ? ಹಾರಿದಾಗ ಬಾಲದ ಬುಡ ಬೆಳ್ಳಗೆ ಹೊಳೆಯಿತೇ, ಅಥವಾ ಬೆನ್ನಿನಷ್ಟೇ ಕಂದಾಗಿದ್ದು ರೆಕ್ಕೆಯಲ್ಲಿ ಬಿಳಿ ಗೆರೆ ಕಂಡಿತೇ? ಮೊದಲನೆಯದಕ್ಕೆ ಹೌದು ಎಂದರೆ ಸಾಮಾನ್ಯ ಗದ್ದೆಗೊರವ, ಬಾಲದ ಬುಡ ಬೆಳ್ಳಗಿದ್ದರೆ ಹಸಿರು.

ಸಾಧನಕೇರಿಯ ಹೊಸಬ ಬರೆದದ್ದು:

ಭುಜದ ಬಿಳಿಯನ್ನು ಗಮನಿಸಲಿಲ್ಲ. ನಾಯಿಯೊಂದು ಬಂದದ್ದರಿಂದ ಹಾರಿಹೋಯಿತು, ಆಗ ನಾನು ದುರ್ಬೀನಿನ ಮುಚ್ಚಳ ತೆಗೆಯುತ್ತಿದ್ದೆ.

ಉಣಕಲ್ ದಂಡೆ ಉತ್ತರಿಸಿದ್ದು:

ಹಾಗಾದರೆ ಪಟ್ಟಿಯಲ್ಲಿ 'ಸಾಮಾನ್ಯ ಅಥವಾ ಹಸಿರು ಗದ್ದೆಗೊರವ' ಎಂದು ಬರೆಯಿರಿ. ನನ್ನ ಪಟ್ಟಿಗಳಲ್ಲಿ ಈ ತಿಂಗಳೊಂದರಲ್ಲೇ ಅದು ನಾಲ್ಕು ಸಲ ಬಂದಿದೆ. ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಬನ್ನಿ.